ಇಬ್ಬನಿ ಆರದ ಹುರುಳಿ

ಇಬ್ಬನಿ ಆರುವ ಮೊದಲು ಹುರುಳಿ ಹರವುವುದು ತಲೆ ನೆಟ್ಟಗಿರುವವರು ಮಾಡುವ ಕೆಲಸವಲ್ಲ. ಒದ್ದೆ ಬಳ್ಳಿ ಮುರಿಯುವುದಿಲ್ಲ, ಹಗ್ಗದ ಹಾಗೆ ಸುತ್ತಿಕೊಳ್ಳುತ್ತದೆ. ಕಾಯಿಯೂ ಒಡೆಯುವುದಿಲ್ಲ. ಆದ್ದರಿಂದ ಸಂಕ್ರಾಂತಿಗೆ ಮುಂಚಿನ ಆ ಭಾನುವಾರ ಬೆಳಗ್ಗೆ ಆರೂವರೆಗೆ ರಾಣಿ ಬಂದು, "ಮಾವ, ನಿಮ್ಮ ಹುರುಳಿ ಈಗ್ಲೇ ರಸ್ತೆಗೆ ಹರವಿ" ಎಂದಾಗ, ಪಕ್ಕದ ಮನೆಯ ಹುಚ್ಚಯ್ಯ ಬೇವಿನ ಕಡ್ಡಿಯನ್ನು ಬಾಯಿಂದ ತೆಗೆದು ಅವಳ ಮುಖ ನೋಡಿದ.

"ಯಾಕವ್ವ, ಜರ ಗಿರ ಬಂದದಾ? ಒಂಬತ್ತು ಗಂಟೆ ಆಗ್ದೆ ಯಾರಾದ್ರೂ ಹರವ್ತಾರಾ?"

"ಇವತ್ತು ಕಾಳಿಗಲ್ಲ ಮಾವ. ನಮ್ಮತ್ತೆ ಕೈ ಮುರಿದೋನು ಬತ್ತಾವ್ನೆ."

ಹುಚ್ಚಯ್ಯ ಕಡ್ಡಿ ಬಿಸಾಕಿದ. "ಅಂಗಾದ್ರೆ ಹರವಣ. ಆದ್ರೆ ಒದ್ದೆ ಹುರುಳಿ ಮಗುಚ್ತಾನೇ ಇರ್ಬೇಕು ಕಣವ್ವ, ಇಲ್ದಿದ್ರೆ ಮುಗ್ಗಲು ಹಿಡೀತದೆ. ನನ್ನ ಸೊಂಟ ಆಗಕಿಲ್ಲ. ಯಾರು ಮಗುಚೋರು?"

"ಆಳು ಬತ್ತದೆ ಬುಡಿ."

"ಎಲ್ಲಿಂದ?"

"ಮೈಸೂರಿಂದ."

ಹೊಸ ಅಗ್ರಹಾರ ದಾಟಿ ಹುಣಸೂರಿನ ಕಡೆಗೆ ಹೋಗುವ ಒಳದಾರಿಯಲ್ಲಿ ಚಿಕ್ಕೆರೆ ಕೊಪ್ಪಲು ಇದೆ. ಊರಿನ ಮುಂದೆ ಕೆರೆ, ಕೆರೆಯ ಏರಿಯ ಮೇಲೇ ಟಾರು ರಸ್ತೆ. ದಿನಕ್ಕೆ ಎರಡು ಬಸ್ಸು, ಒಂದು ಹಾಲಿನ ವ್ಯಾನು, ನಾಲ್ಕಾರು ಟ್ರ್ಯಾಕ್ಟರು ಬಿಟ್ಟರೆ ಅಲ್ಲಿ ಓಡಾಡುವುದು ದನಗಳೇ. ಅದಕ್ಕೇ ಊರಿನವರಿಗೆ ಆ ರಸ್ತೆ ಕಣ ಇದ್ದ ಹಾಗೆ. ಹುರುಳಿ ಹರವಿದರೆ ಬಸ್ಸಿನ ಚಕ್ರ ಕಾಳು ಉದುರಿಸಿಕೊಟ್ಟು ಹೋಗುತ್ತದೆ, ಜನರೂ ನಿಶ್ಚಿಂತೆಯಾಗಿ ಕೂತು ಮಗುಚಬಹುದು. ಅದಕ್ಕೇ ಮೈಸೂರಿನ ಸೈಕಲ್ಲಿನವರಿಗೂ ಆ ರಸ್ತೆ ಇಷ್ಟ. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಗದ್ದೆ, ಹಿಂದಿನಿಂದ ಹಾರನ್ನು ಹೊಡೆಯುವವರಿಲ್ಲ. ಭಾನುವಾರ ಬಂತೆಂದರೆ ಬಿಗಿ ಚಡ್ಡಿ, ಬಣ್ಣದ ಟೋಪಿ ಹಾಕಿಕೊಂಡು ಬರುತ್ತಿದ್ದರು. ಏರಿಯ ಕೊನೆಯಲ್ಲಿ ರಾಣಿಯ ಪಂಕ್ಚರ್ ಅಂಗಡಿ. ಅಪ್ಪನಿಂದ ಕಲಿತ ಕೆಲಸ. ಜೊತೆಗೆ ಟೀ ಕಾಯಿಸುತ್ತಿದ್ದಳು. ಸೈಕಲ್ಲಿನವರಲ್ಲಿ ರೂಪಶ್ರೀ ಎಂಬ ಹುಡುಗಿಯೊಬ್ಬಳು ಗೇರಿನ ಸೈಕಲ್ಲಿನ ಚೈನು ಬಿಚ್ಚುವುದು, ಕೂಡಿಸುವುದು ಎಲ್ಲ ಹೇಳಿಕೊಟ್ಟು, ಅದಕ್ಕೆ ಬೇಕಾದ ಟೂಲನ್ನೂ ಕೊಟ್ಟು ಹೋಗಿದ್ದಳು.

ಎಲ್ಲರೂ ರೂಪಶ್ರೀ ಥರ ಇರಲಿಲ್ಲ. ಹೋದ ವರ್ಷ ಇದೇ ದಿನಗಳಲ್ಲಿ ರಾಣಿಯ ಅತ್ತೆ ತಿಮ್ಮಮ್ಮ ರಸ್ತೆಯಲ್ಲಿ ಹುರುಳಿ ಮಗುಚುತ್ತಿದ್ದಾಗ ಸೈಕಲ್ಲಿನವರ ಮುಂದಾಳು ಶಶಿಕುಮಾರ್ ಇಳಿಜಾರಿನಲ್ಲಿ ಬಿಟ್ಟುಕೊಂಡು ಬಂದ. ಅರ್ಧ ರಸ್ತೆ ಖಾಲಿಯೇ ಇತ್ತು. ಆದರೂ ಮುದುಕಿಯನ್ನು ಸವರಿಕೊಂಡೇ ಹೋದ. ಅವಳು ಬಲಗೈ ಊರಿ ಬಿದ್ದಳು. "ರಸ್ತೆ ಏನ್ ನಿಮ್ಮಪ್ಪಂದಾ?" ಅಂದ. ಎತ್ತಲಿಲ್ಲ. ಫೋನು ತೆಗೆದು ಹಿಡಿದ. ಅಷ್ಟನ್ನೂ ಹುಚ್ಚಯ್ಯ ಗದ್ದೆಯಿಂದ ನೋಡಿದ್ದ. ಅವನು ಓಡಿ ಬರುವಷ್ಟರಲ್ಲಿ ಸೈಕಲ್ಲು ಏರಿ ದಾಟಿ ಹೋಗಿತ್ತು.

ಕೈಯ ಕಟ್ಟು ಬಿಚ್ಚಿದ ಮೇಲೂ ಮಣಿಕಟ್ಟು ಸೊಟ್ಟಗೇ ಉಳಿಯಿತು. ನಲವತ್ತು ವರ್ಷ ಮನೆಗೆಲ್ಲ ಮುದ್ದೆ ಕಟ್ಟಿದ ಕೈಗೆ ಈಗ ಸಾರಿನ ಸೌಟೂ ಭಾರ. ಅದನ್ನಾದರೂ ತಿಮ್ಮಮ್ಮ ನುಂಗಿಕೊಂಡಿದ್ದಳು. ನುಂಗಲಾಗದ್ದು ವಿಡಿಯೋ. ಹನ್ನೊಂದು ಸೆಕೆಂಡು. ಹುರುಳಿ ಮೇಲೆ ಬಿದ್ದು ನರಳುವ ಅವಳು, ಕೆಳಗೆ ಅಕ್ಷರ: 'ಕುಡಿದು ರಸ್ತೆಯಲ್ಲಿ ಮಲಗಿದ ಅಜ್ಜಿ.' ಅದು ಮಿರ್ಲೆಗೂ ಹೋಯಿತು, ಪಿರಿಯಾಪಟ್ಟಣಕ್ಕೂ ಹೋಯಿತು. ಒಂದು ಮದುವೆಯಲ್ಲಿ ದೂರದ ನೆಂಟನೊಬ್ಬ, "ಏನತ್ತೆ, ಬೆಳಗ್ಗೆ ಬೆಳಗ್ಗೇನೇ ಶುರುವಾ?" ಎಂದು ನಕ್ಕ. ತಿಮ್ಮಮ್ಮ ಊಟಕ್ಕೆ ಕೂರದೆ ಎದ್ದು ಬಂದವಳು ಮತ್ತೆ ಯಾವ ನೆಂಟರ ಮನೆಗೂ ಹೋಗಲಿಲ್ಲ.

ಆ ಹನ್ನೊಂದು ಸೆಕೆಂಡಿನಲ್ಲಿ ಕೊನೆಗೆ ಕ್ಯಾಮೆರಾ ತಿರುಗಿ ಅವನ ಮುಖ ಬರುತ್ತಿತ್ತು. ರಾಣಿ ಅದನ್ನು ಎಷ್ಟು ಸಲ ನೋಡಿದ್ದಳೋ. ಗಲ್ಲದ ಮೇಲಿನ ಮಚ್ಚೆಯ ಜಾಗವೂ ಗೊತ್ತಿತ್ತು. ಆದರೆ ಅವನು ಮತ್ತೆ ಈ ದಾರಿಗೆ ಬಂದಿರಲಿಲ್ಲ. ಹೆಸರು ಹೇಳಿಕೊಟ್ಟದ್ದು ಹೋದ ವಾರ ಟೀ ಕುಡಿಯಲು ನಿಂತ ರೂಪಶ್ರೀ, ತನಗೇ ಗೊತ್ತಿಲ್ಲದ ಹಾಗೆ.

"ಮುಂದಿನ ಭಾನುವಾರ ದೊಡ್ಡ ರೈಡ್ ಅಕ್ಕ. ಕೆ.ಆರ್. ನಗರದಿಂದ ಆರು ಗಂಟೆಗೆ ಹೊರಟು ನಿಮ್ಮೂರ ಮೇಲೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ. ಇಪ್ಪತ್ತು ಕೆರೆ, ಒಂದೂ ದೊಡ್ಡ ರಸ್ತೆ ಇಲ್ಲ. ಶಶಿ ಸಾರ್ ಒಂದು ವರ್ಷ ಸುತ್ತಿ ಹುಡುಕಿದ ದಾರಿ. ನೋಡಿ, ಇವರೇ" ಎಂದು ಫೋನಿನಲ್ಲಿ ಫೋಟೋ ತೋರಿಸಿದಳು.

ರಾಣಿ ಮಚ್ಚೆ ನೋಡಿದಳು. "ಮುಂದೆ ಇವ್ರೇ ಇರ್ತಾರಾ?"

"ಯಾವಾಗಲೂ. ಯಾರನ್ನೂ ಮುಂದೆ ಬಿಡಲ್ಲ."

"ಒಳ್ಳೇದಾಯ್ತು ಬುಡಮ್ಮ" ಎಂದು ರಾಣಿ ಇನ್ನೊಂದು ಲೋಟ ಟೀ ಕೊಟ್ಟಳು.

ಏಳು ಗಂಟೆಗೆ ಐದು ಮನೆಯ ಹುರುಳಿ ರಸ್ತೆಗೆ ಬಂತು. ಏರಿಯ ತಿರುವಿನಿಂದ ಅಂಗಡಿಯವರೆಗೆ, ಈ ಅಂಚಿನಿಂದ ಆ ಅಂಚಿಗೆ ಗೇಣು ದಪ್ಪದ ಹಾಸು. ಬಳ್ಳಿಯ ಮೇಲೆ ಇಬ್ಬನಿ ಮಿನುಗುತ್ತಿತ್ತು. ಮೊದಲು ಬರುವವನು ಅವನು, ಸಿಕ್ಕಿಕೊಳ್ಳುವವನೂ ಅವನು. ಹಿಂದಿನವರು ನೋಡಿ ಇಳಿಯುತ್ತಾರೆ. ರಾಣಿಯ ಲೆಕ್ಕ ಇಷ್ಟೇ.

ಏಳೂವರೆಗೆ ಮಂಜಿನೊಳಗಿಂದ ಮೊದಲು ಬಂದ ಸೈಕಲ್ಲು ರೂಪಶ್ರೀದು.

ರಾಣಿಗೆ ಯೋಚಿಸುವಷ್ಟು ಹೊತ್ತಿರಲಿಲ್ಲ. ಹೆಗಲ ಟವೆಲ್ಲು ಬೀಸುತ್ತಾ ರಸ್ತೆಯ ನಡುವೆ ಓಡಿದಳು. "ನಿಲ್ಸಮ್ಮ, ನಿಲ್ಸು. ಹುರುಳಿ ಒದ್ದೆ ಅದೆ, ಇಳ್ದು ನಡ್ಕೊಂಡ್ ಬಾ."

ರೂಪಶ್ರೀ ಇಳಿದಳು. ಅವಳ ಹಿಂದೆ ಬಂದ ಮೂವತ್ತು ನಲವತ್ತು ಜನರೂ ಇಳಿದು, ಒಬ್ಬರ ಹಿಂದೆ ಒಬ್ಬರು ಸೈಕಲ್ಲು ಹೆಗಲಿಗೇರಿಸಿಕೊಂಡು ಬಳ್ಳಿಯ ಮೇಲೆ ನಡೆದು ಬಂದರು. "ಸಾರ್ ಟ್ಯೂಬ್ ಪಂಕ್ಚರ್ ಆಯ್ತು ಅಕ್ಕ, ಹಿಂದೆ ಬರ್ತಿದ್ದಾರೆ" ಎಂದಳು ರೂಪಶ್ರೀ. ಒಂದು ವಾರದ ಹೊಂಚು ನೀರಿಗೆ ಹೋಯಿತು ಎಂದುಕೊಂಡಳು ರಾಣಿ. ಇಷ್ಟು ಜನ ನಡೆಯುವುದನ್ನು ಕಂಡ ಮೇಲೆ ಯಾರು ತಾನೇ ತುಳಿದುಕೊಂಡು ಬರುತ್ತಾರೆ?

ಶಶಿಕುಮಾರ್ ಬಂದ. ಹಿಂದೆ ಬಿದ್ದ ಸಿಟ್ಟು ಮುಖದಲ್ಲೇ ಇತ್ತು.

"ಯಾಕೆ ಎಲ್ಲ ಹೆಣ ಹೊತ್ತ ಹಾಗೆ ಹೊತ್ಕೊಂಡಿದೀರ? ಹೋದ ವರ್ಷ ನಾನು ಇದರ ಮೇಲೇ ಹೋಗಿದೀನಿ. ಏನೂ ಆಗಲ್ಲ."

ಎಲ್ಲರೂ ಕೇಳುವ ಹಾಗೆ ರಾಣಿ ಹೇಳಿದಳು. "ಸಾರ್, ಇಳ್ದು ನಡೀರಿ. ಸುತ್ಕತದೆ."

ಅವನು ಅವಳ ಕಡೆ ಪೂರ್ತಿ ತಿರುಗಲೂ ಇಲ್ಲ. "ರಸ್ತೆ ಏನ್ ನಿಮ್ಮಪ್ಪಂದಾ?"

ಅದೇ ಮಾತು. ರಾಣಿ ಪಕ್ಕಕ್ಕೆ ಸರಿದು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡಳು. "ಇಲ್ಲ ಸಾರ್. ನೀವು ಹೋಗಿ."

ಹತ್ತು ಮಾರು ಹೋದ. ಬಳ್ಳಿ ಹಿಂದಿನ ಚಕ್ರಕ್ಕೆ ಸುತ್ತಿತು, ಚೈನಿಗೆ ಸುತ್ತಿತು, ಚೈನನ್ನು ಎಳೆದು ಹಿಡಿಯುವ ಗೇರಿನ ಕೊಕ್ಕೆಗೆ ಸುತ್ತಿತು. ಅವನು ಇನ್ನೂ ಜೋರಾಗಿ ತುಳಿದ. ಕಟಕ್ ಅಂತ ಸದ್ದು. ಕೊಕ್ಕೆ ಮುರಿದು ಚೈನಿನ ತುದಿಯಲ್ಲಿ ನೇತಾಡಿತು. ಅವನು ಹುರುಳಿಯ ಮೇಲೆ ಮೆತ್ತಗೆ ಮಗ್ಗುಲಾದ. ಪೆಟ್ಟೇನೂ ಆಗಲಿಲ್ಲ. ಹುಚ್ಚಯ್ಯ ಬಾಯಿಗೆ ಟವೆಲ್ಲು ಅಡ್ಡ ಹಿಡಿದುಕೊಂಡ.

ಎಲ್ಲರೂ ಅಂಗಡಿ ಮುಂದೆ ಟೀ ಕುಡಿಯುವಾಗ ಅವನು ಸೈಕಲ್ಲು ಹೊತ್ತು ತಂದ.

"ರಿಪೇರಿ ಆಗುತ್ತಾ?"

"ಆ ಕೊಕ್ಕೆ ಇಲ್ಲಿ ಸಿಗಕಿಲ್ಲ. ಚೈನು ಗಿಡ್ಡ ಮಾಡಿ ಒಂದೇ ಗೇರಿಗೆ ಕಟ್ಟಬೌದು. ಆದ್ರೆ ಅಂಗಡಿ ನಮ್ಮತ್ತೆಯವ್ರದು. ಅವ್ರು ಹೂಂ ಅನ್ಬೇಕು."

ತಿಮ್ಮಮ್ಮ ಎಳೆ ಬಿಸಿಲಿನಲ್ಲಿ ಕಲ್ಲಿನ ಮೇಲೆ ಕೂತಿದ್ದಳು. ಅವನು ಹೋಗಿ ನಿಂತ. "ಅಜ್ಜಿ, ಸ್ವಲ್ಪ ಬೇಗ ಹೇಳಿ, ಎಲ್ಲರೂ ಕಾಯ್ತಿದ್ದಾರೆ."

ತಿಮ್ಮಮ್ಮ ಸೆರಗಿನೊಳಗಿಂದ ಬಲಗೈ ತೆಗೆದು ಮುಂದೆ ಹಿಡಿದಳು. "ಇದಾ, ಇದು ಹೂಂ ಅಂತದಾ ಕೇಳು."

ಅವನು ಕೈ ನೋಡಿದ. ಮುಖ ನೋಡಿದ. ಹಿಂದೆ ತಿರುಗಿ ರಸ್ತೆಯ ಹುರುಳಿ ನೋಡಿದ. ಗುರುತು ಸಿಕ್ಕಿತು.

"ಸಾರ್, ಆ ವಿಡಿಯೋದ ಅಜ್ಜಿ ಇವರೇನಾ? ಕುಡಿದು ಬಿದ್ದಿದ್ದರು ಅಂದ್ರಲ್ಲ?" ಎಂದಳು ರೂಪಶ್ರೀ.

"ಅದು... ಆಗ ಹಾಗೆ ಅನ್ನಿಸ್ತು."

"ವಾಸ್ನೆ ನೋಡ್ದಾ ಮಗ?" ತಿಮ್ಮಮ್ಮನ ದನಿ ಏರಲಿಲ್ಲ. "ನಿನ್ನ ಚಕ್ರ ತಗುಲಿ ಬಿದ್ನೋ, ಕುಡ್ದು ಬಿದ್ನೋ? ಇಷ್ಟು ಜನದ ಮುಂದೆ ಹೇಳು. ನಾನು ಒಂದ್ ವರ್ಷದಿಂದ ಯಾರ್ ಮನೆ ಬಾಗ್ಲಿಗೂ ಹೋಗಿಲ್ಲ."

ಅವನು ನೆಲ ನೋಡುತ್ತಾ, "ನನ್ನ ಸೈಕಲ್ಲೇ ತಗುಲಿದ್ದು" ಎಂದ.

"ಕೇಳಸ್ನಿಲ್ಲ" ಎಂದಳು ರಾಣಿ.

ಅವನು ಮತ್ತೆ ಹೇಳಿದ. ಕುಡಿದಿರಲಿಲ್ಲ ಎಂಬುದನ್ನೂ ಸೇರಿಸಿ. ರೂಪಶ್ರೀ ಟೀ ಲೋಟ ಕೆಳಗಿಟ್ಟಳು. ಗುಂಪಿನಲ್ಲಿ ಈ ಮಾತನ್ನು ತಾನೇ ಬರೆದು ಹಾಕುತ್ತೇನೆ, ಆ ವಿಡಿಯೋ ಹಂಚಿದವರೆಲ್ಲರಿಗೂ ಮುಟ್ಟಿಸುತ್ತೇನೆ ಎಂದಳು. ಉಳಿದವರು ಸೈಕಲ್ಲು ಹತ್ತಿದರು. ವರ್ಷವೆಲ್ಲ ಸುತ್ತಿ ಅವನು ಹುಡುಕಿದ ದಾರಿ, ಇಪ್ಪತ್ತು ಕೆರೆ. ಮೂರನೆಯ ಕೆರೆಯ ಹತ್ತಿರ ಅವನನ್ನು ಬಿಟ್ಟು ಆ ಸಾಲು ರೂಪಶ್ರೀಯ ಹಿಂದೆ ದಿಣ್ಣೆ ಏರಿ ಮರೆಯಾಯಿತು. ಅವನು ನೋಡುತ್ತಾ ನಿಂತ.

"ಈಗಲಾದ್ರೂ ರಿಪೇರಿ ಮಾಡ್ಕೊಡಿ" ಎಂದ.

ಹುಚ್ಚಯ್ಯ ಕವೆಗೋಲು ತಂದು ಅವನ ಕೈಗೆ ಕೊಟ್ಟ. "ಅವತ್ತು ಈವಮ್ಮ ಮಗುಚ್ತಿದ್ದದ್ದು ಅರ್ಧಕ್ಕೇ ನಿಂತೋಯ್ತು ಸಾರ್. ಅಲ್ಲಿಂದ ಶುರು ಹಚ್ಕೊಳಿ."

ಅಂದು ಶಶಿಕುಮಾರ್ ಮಧ್ಯಾಹ್ನದವರೆಗೆ ಐದು ಮನೆಯ ಹುರುಳಿ ಮಗುಚಿದ. ಬಸ್ಸು ಬಂದಾಗ ಪಕ್ಕಕ್ಕೆ ಸರಿದು ನಿಂತ. ಡ್ರೈವರು ತಲೆ ಹೊರಗೆ ಹಾಕಿ, "ಯಾರ್ಲಾ ಹುಚ್ಚಯ್ಯ, ಟೋಪಿ ಹಾಕಿರೋ ಆಳು?" ಎಂದ. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಗೆ ಬಂದರು. ಕೆಲವರು ಫೋನು ತೆಗೆದರು. ರಾಣಿ ಬೇಡ ಅನ್ನಲಿಲ್ಲ.

ಊಟದ ಹೊತ್ತಿಗೆ ತಿಮ್ಮಮ್ಮನೇ ಕರೆದಳು. ಹಸಿದವನನ್ನು ಹಾಗೇ ಕಳಿಸುವ ಮನೆಯಲ್ಲ ಅದು. ಬಿಸಿ ಮುದ್ದೆ, ಹುರುಳಿ ಸಾರು. ಅವನು ಮುದ್ದೆಗೆ ಕೈ ಹಾಕಿ ಹಿಂದಕ್ಕೆ ಎಳೆದುಕೊಂಡ. ಅಂಗೈ ತುಂಬ ಬೊಬ್ಬೆ.

"ಉರೀತದಾ?"

"ಹೂಂ ಅಜ್ಜಿ."

"ನಂಗೂ ಉರೀತು." ಅವಳು ಎಡಗೈಯಿಂದ ಮುದ್ದೆ ಮುರಿದುಕೊಂಡಳು. "ಎಡಗೈಲಿ ತಿನ್ನು. ಅಭ್ಯಾಸ ಆಯ್ತದೆ."

ಆಮೇಲೆ ರಾಣಿ ಚೈನು ತುಂಡು ಮಾಡಿ ಕೂಡಿಸಿದಳು. ಹಿಂದಿನ ಚಕ್ರದಲ್ಲಿ ಹನ್ನೊಂದು ಹಲ್ಲುಬಿಲ್ಲೆ. ಯಾವುದಕ್ಕೆ ಬೇಕಾದರೂ ಕಟ್ಟಬಹುದಿತ್ತು. ದೊಡ್ಡದಕ್ಕೆ ಕಟ್ಟಿದರೆ ದಿಣ್ಣೆಯ ಮೇಲೆ ಮಗುವೂ ತುಳಿಯಬಹುದು. ಅವಳು ಸ್ವಲ್ಪ ಹೊತ್ತು ನೋಡಿ, ಎಲ್ಲಕ್ಕಿಂತ ಚಿಕ್ಕದಕ್ಕೆ ಕಟ್ಟಿದಳು.

ಅವನು ಹೊರಟ. ಹುಣಸೂರಿನವರೆಗೆ ಮೂರು ದಿಣ್ಣೆ.

"ಯಾವ್ದುಕ್ಕೆ ಕಟ್ಟಿದ್ಯಮ್ಮಿ?" ಒಳಗಿಂದ ತಿಮ್ಮಮ್ಮ ಕೇಳಿದಳು. ಸೊಸೆಯ ಕೆಲಸ ನೋಡಿ ನೋಡಿ ಅವಳಿಗೂ ಅಷ್ಟು ಗೊತ್ತಿತ್ತು.

"ಚಿಕ್ಕದುಕ್ಕೆ."

ತಿಮ್ಮಮ್ಮ ಒಂದು ವರ್ಷದ ಮೇಲೆ ಬಾಯಿ ತುಂಬ ನಕ್ಕಳು. ಪೆಟ್ಟಿಗೆ ತೆರೆಯುವ ಸದ್ದಾಯಿತು. "ಹಬ್ಬ ಕಳ್ದು ಬುಧವಾರ ಕೊಪ್ಪದಲ್ಲಿ ನಮ್ಮ ಸಾಕಮ್ಮನ ಮೊಮ್ಮಗಳ ಮದ್ವೆ ಅಲ್ವಾ? ನನ್ನ ಹಸ್ರು ಸೀರೆ ಎಲ್ಲಿಟ್ಟಿದೀಯೆ? ಬಂದು ತೆಕ್ಕೊಡು."

"ತಾಳಿ ಅತ್ತೆ, ಬಂದೆ" ಎಂದಳು ರಾಣಿ. ಆದರೆ ಕದಲಲಿಲ್ಲ. ಹಣೆಗೆ ಕೈ ಅಡ್ಡ ಹಿಡಿದು ದಿಣ್ಣೆಯನ್ನೇ ನೋಡುತ್ತಾ ನಿಂತಳು. ಅರ್ಧ ದಿಣ್ಣೆಯಲ್ಲಿ ಅವನು ಎದ್ದು ನಿಂತು ತುಳಿದ, ಓಲಾಡಿದ, ಕೊನೆಗೆ ಇಳಿದು ತಳ್ಳತೊಡಗಿದ. ಆಮೇಲೆ ಅವಳು ಕೈ ಒರೆಸಿಕೊಂಡು ಸೀರೆ ಹುಡುಕಲು ಒಳಗೆ ಹೋದಳು.