ಎರಡು ಸಲ ಮುಟ್ಟುವ ಕೈ

"ನೋಡು ದೊಡ್ಡಮ್ಮ, ಇದು ಬ್ರೌಸರ್‌ಗೆ ಸೇರಿಸೋ ಒಂದು ಚಿಕ್ಕ ಎಕ್ಸ್‌ಟೆನ್ಶನ್. ಪುಟದಲ್ಲಿರೋ ಅಕ್ಷರ ದೊಡ್ಡದು ಮಾಡತ್ತೆ, ಸಾಲುಸಾಲಾಗಿ ಓದಿ ಹೇಳತ್ತೆ. ನಾನು ಇದರಲ್ಲಿ ಎಳ್ಳಷ್ಟು ಬದಲಾಯಿಸಿದ್ರೂ ಬ್ರೌಸರ್‌ಗೆ ಗೊತ್ತಾಗಲ್ಲ, ಹಳೇದನ್ನೇ ಹಿಡ್ಕೊಂಡು ಕೂತಿರತ್ತೆ. ಅದಕ್ಕೆ ಪ್ರತಿಸಲ ಬೇರೆ ಪುಟಕ್ಕೆ ಹೋಗಿ, ಇದರ ಸ್ವಿಚ್ ಆರಿಸಿ, ಮತ್ತೆ ಹಾಕಿ, ವಾಪಸ್ ಬಂದು ಓದೋ ಪುಟಾನೂ ಹೊಸದಾಗಿ ತೆರೀಬೇಕು. ಒಂದು ಸಲ ಮರೆತೆ. ಸರಿಯಾಗಿದ್ದದ್ದನ್ನೇ ತಪ್ಪು ಅಂದ್ಕೊಂಡು ದಿನವಿಡೀ ತಿದ್ದಿ ತಿದ್ದಿ ಕೆಡಿಸಿದೆ. ಅವತ್ತಿಂದ ಕೈ ಸುಮ್ಮನಿರಲ್ಲ. ಆರಿಸಿದ್ನಾ, ಹಾಕಿದ್ನಾ, ಯಾವುದಕ್ಕೂ ಇನ್ನೊಂದು ಸಲ ಮಾಡಿಬಿಡೋಣ ಅನ್ಸತ್ತೆ. ಅಲ್ವಾ? ಅಲ್ವಾ?"

ಹೀಗೆ ಹೇಳುತ್ತಲೇ ನನ್ನ ತಂಗಿಯ ಮಗಳು ಎದ್ದು ಹೋಗಿ ಅಡುಗೆಮನೆಯ ದೀಪವನ್ನು ಆರಿಸಿ, ಹಾಕಿ, ಮತ್ತೆ ಆರಿಸಿ ಬಂದಳು.

ಅವಳ ನಡಿಗೆಯೂ ಹಾಗೆಯೇ. ಹೊಸಿಲು ದಾಟಿದ ಮೇಲೆ ಕತ್ತು ಹಿಂದಕ್ಕೆ ತಿರುಗದೆ ಕಾಲು ಮುಂದೆ ಹೋಗದು. ಮೈಮೇಲೆ ಸದಾ ಅಣ್ಣನ ಹಳೆಯ ಸ್ವೆಟರು, ಬೆರಳ ತುದಿಯವರೆಗೆ ಇಳಿಬಿದ್ದ ಅದರ ತೋಳು, ಆ ತೋಳನ್ನು ಮೇಲೇರಿಸಿ ಮೇಲೇರಿಸಿ ಮೊಣಕೈಯ ಬಳಿ ನೂಲೆಲ್ಲ ಜಾಳುಜಾಳು. ಬೀಗ ಹಾಕಿ, ತೆಗೆದು, ಮತ್ತೆ ಹಾಕುವ ಅವಳಿಗೆ ಅಣ್ಣ ಇಟ್ಟ ಹೆಸರು ಬೀಗದಮ್ಮ.

ಆ ಅಣ್ಣನದು ಪುಸ್ತಕ ಅಂಗಡಿಗೆ ಹೋಗುವ ಮುನ್ನ ಅದರ ತಪ್ಪು ಹುಡುಕುವ ವೃತ್ತಿ. ಪ್ರಕಾಶಕರು ಕಳಿಸಿದ ಕರಡನ್ನು ಮನೆಯಲ್ಲೇ ಕೂತು ತಿದ್ದುತ್ತಿದ್ದವನ ಕಣ್ಣಿನ ನಟ್ಟನಡುವೆ ಈಚೆಗೆ ಮಂಜು ಕವಿದಿತ್ತು. ಅದೇ ಹೊತ್ತಿಗೆ ಪ್ರಕಾಶಕರು ಕಾಗದವನ್ನು ಬಿಟ್ಟು ಎಲ್ಲವನ್ನೂ ಬ್ರೌಸರಿಗೇ ಏರಿಸಿದರು. ಸೋಮವಾರ ಬೆಳಿಗ್ಗೆ ಒಂದು ಅಧ್ಯಾಯ ತೆರೆಯುತ್ತೇವೆ, ಒಬ್ಬರೇ ಕೂತು ತಿದ್ದಿ, ಸರಿಬಂದರೆ ಕೆಲಸ ನಿಮ್ಮದೇ ಎಂದು ಮೃದುವಾಗಿಯೇ ಹೇಳಿದ್ದರು. ಸರಿಬಾರದಿದ್ದರೆ ಏನೆಂದು ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ. ಅವನಿಗೆ ಕಿವಿಯೇ ಕಣ್ಣಾಗಲೆಂದು ಇವಳು ಎಕ್ಸ್‌ಟೆನ್ಶನ್ ಎಂಬ ಆ ಓದುಗನನ್ನು ಕಟ್ಟಲು ಕೂತಳು. ಆದರೆ ಕಟ್ಟುವುದಕ್ಕಿಂತ ಆರಿಸಿ ಹಾಕುವುದಕ್ಕೇ ಹೊತ್ತು ಸಲ್ಲುತ್ತಿತ್ತು.

"ಬೀಗದಮ್ಮ, ನಿನ್ನ ಕೈಗೆ ಸ್ವಲ್ಪ ರಜಾ ಕೊಡೇ," ಎಂದ ಅಣ್ಣ. "ಬದಲಾಯಿಸಿದ ತಕ್ಷಣ ತಾನೇ ಹೊಸದಾಗೋ ಹಾಗೆ ಮಾಡಕ್ಕಾಗಲ್ವಾ?"

"ಮಾಡಬಹುದು. ನಂಬೋರು ಯಾರು?"

"ನೀನು ನಂಬಬೇಡ. ಮಾಡು."

ಮಾಡಿದಳು. ಕಡತಗಳ ಮೇಲೆ ಕಣ್ಣಿಟ್ಟು, ಅವಳು ಒಂದು ಬದಲಾವಣೆ ಉಳಿಸಿದೊಡನೆ ಎಕ್ಸ್‌ಟೆನ್ಶನ್ನನ್ನು ತಟ್ಟಿ ಎಬ್ಬಿಸಿ, ತೆರೆದ ಪುಟದೊಳಕ್ಕೆ ಹೊಸ ಓದುಗನನ್ನು ಕಳಿಸುವ ಕಾವಲುಗಾರ ಪ್ರೋಗ್ರಾಮೊಂದು ಸಿದ್ಧವಾಯಿತು. ಅಣ್ಣ ಪರೀಕ್ಷಿಸಲು ಕೂತ. ಸ್ವಲ್ಪ ಹೊತ್ತಿಗೆ ಕರೆದ.

"ಪ್ರತಿ ಸಾಲೂ ಎರಡೆರಡು ಸಲ ಬರ್ತಿದೆಯಲ್ಲೇ. ಬರೆದವರು ಎರಡು ಸಲ ಬರೆದಿದ್ದಾರೆ ಅಂತ ನಾನು ನಾಲ್ಕಾರು ಸಾಲು ಹೊಡೆದೂಹಾಕಿದೆ. ನೋಡಿದ್ರೆ ನಿನ್ನ ಯಂತ್ರಕ್ಕೂ ನಿನ್ನದೇ ರೋಗ."

ಅಣ್ಣ ನಕ್ಕ, ಅವಳ ಮುಖ ಬಿಳಚಿತು. ಸೋಮವಾರ ಹೀಗಾದರೆ ಒಳ್ಳೆಯ ಸಾಲುಗಳಿಗೆಲ್ಲ ಅವನ ಕೈಯಿಂದಲೇ ಗೀಟು. ಆಮೇಲೆ ಹೊಳೆಯಿತು: ಎಕ್ಸ್‌ಟೆನ್ಶನ್ ಹೊಸದಾದರೂ ತೆರೆದೇ ಇದ್ದ ಪುಟದೊಳಗೆ ಹಳೆಯ ಓದುಗ ಎದ್ದುಹೋಗದೆ ಕೂತಿದ್ದ, ಹೊಸಬ ಬಂದು ಪಕ್ಕದಲ್ಲಿ ಕೂತು, ಇಬ್ಬರೂ ಒಬ್ಬರಾದ ಮೇಲೊಬ್ಬರು ಓದುತ್ತಿದ್ದರು. ಪುಟವನ್ನೂ ಜೊತೆಗೇ ಹೊಸದಾಗಿ ತೆರೆಯಲು ಕಾವಲುಗಾರನಿಗೆ ಕಲಿಸಿದಳು. ಅಣ್ಣನಿಗೆ ಕೊಡುವ ಪ್ರತಿಯಲ್ಲಂತೂ ಕಾವಲುಗಾರನೇ ಬೇಡವೆಂದು ತೆಗೆದಳು.

ಸೋಮವಾರ ಅವನು ಕೋಣೆಯ ಬಾಗಿಲು ಹಾಕಿಕೊಂಡ. ಗೋಡೆಯ ಈಚೆ ಅವಳೂ ನಾನೂ ಹುರುಳಿಕಾಯಿ ಸೋಸುತ್ತ ಕೂತೆವು. ಯಂತ್ರದ ದನಿ ಸಣ್ಣಗೆ ಕೇಳುತ್ತಿತ್ತು, ಸಾಲಿಗೊಂದು ಸಲ. ಅವಳ ಬೆರಳು ನಾರು ತೆಗೆದ ಕಾಯಿಯನ್ನೇ ಮತ್ತೆ ಎತ್ತಿಕೊಳ್ಳುತ್ತಿತ್ತು. ಇದ್ದಕ್ಕಿದ್ದಂತೆ "ಅವಳು ಕಿಟಕಿ ಮುಚ್ಚಿದಳು" ಎಂಬ ಸಾಲು ಬಂತು. ಮತ್ತೆ ಅದೇ ಸಾಲು ಬಂತು.

ಅವಳು ಎದ್ದೇಬಿಟ್ಟಳು. ಕೈ ಬಾಗಿಲಿನ ಹಿಡಿಯ ಮೇಲೆ. "ಒಂದೇ ಒಂದು ಸಲ ಆರಿಸಿ ಹಾಕಿ ಬರ್ತೀನಿ ದೊಡ್ಡಮ್ಮ."

"ಆರಿಸಿದ್ರೆ ಅವನು ತಿದ್ದಿದ್ದು ಉಳಿಯತ್ತಾ?"

"ಪುಟ ಹೊಸದಾಗಿ ತೆರೀಬೇಕು. ಕಳಿಸದೇ ಇರೋದೆಲ್ಲ ಹೋಗತ್ತೆ."

"ಹಾಗಾದ್ರೆ ಕೂತ್ಕೋ."

ಕೂರಲಿಲ್ಲ, ಬಾಗಿಲ ಮುಂದೆ ಎರಡೂ ಕೈಯನ್ನು ಸ್ವೆಟರಿನ ತೋಳೊಳಗೆ ಎಳೆದುಕೊಂಡು ನಿಂತಳು. ಬಾಗಿಲು ತೆರೆದಾಗಲೂ ಹಾಗೆಯೇ ನಿಂತಿದ್ದಳು.

"ಕಿಟಕಿ ಎರಡು ಸಲ ಮುಚ್ಚಿತಲ್ಲ?" ಎಂದಳು.

"ಬರೆದವರೇ ಎರಡು ಸಲ ಮುಚ್ಚಿದ್ರು. ಒಂದನ್ನ ಹೊಡೆದುಹಾಕಿದೆ."

"ನಂದೇ ತಪ್ಪಾಗಿದ್ದಿದ್ರೆ?"

"ನಿಂದಾಗಿದ್ರೆ ಮುಂದಿನ ಸಾಲೂ ಎರಡು ಸಲ ಬರ್ತಿತ್ತು. ಒಂದೇ ಸಲ ಬಂತು. ನಿನ್ನ ಮೇಲಿಲ್ಲದ ನಂಬಿಕೆ ನಿನ್ನ ಯಂತ್ರದ ಮೇಲೆ ಇದೆ ಕಣೆ ನಂಗೆ."

ಮಧ್ಯಾಹ್ನ ಪ್ರಕಾಶಕರ ಫೋನು ಬಂತು. ಮುಂದಿನ ಅಧ್ಯಾಯ ನಾಳೆಯೇ ಕಳಿಸುತ್ತಾರಂತೆ. ಅವಳು ಸದ್ದಿಲ್ಲದೆ ಹೋಗಿ ಮುಖ ತೊಳೆದು ಬಂದಳು.

ಬೀಗವನ್ನು ಮರಳಿ ಮರಳಿ ಜಗ್ಗಿ ನೋಡುವವರನ್ನು ಕಂಡು ನಾವೆಲ್ಲ ನಗುತ್ತೇವೆ. ಆಮೇಲೆ ಅವರು ಜಗ್ಗಿ ನೋಡಿದ ಬಾಗಿಲ ಹಿಂದೆಯೇ ನಿಶ್ಚಿಂತೆಯಿಂದ ನಿದ್ದೆ ಹೋಗುತ್ತೇವೆ. ಇಂಥವರಿಗೆ ಎಷ್ಟು ಕೆಲಸ ಕೊಟ್ಟರೂ ಭಾರವಲ್ಲ. ಕೈ ಮಡಿಚಿಕೊಂಡು ಬಾಗಿಲ ಈಚೆ ನಿಲ್ಲುವುದೊಂದೇ ಅವರ ಪಾಲಿನ ಕಠಿಣ ದುಡಿಮೆ. ಅದನ್ನು ಯಾರೂ ದುಡಿಮೆಯೆಂದು ಎಣಿಸುವುದಿಲ್ಲ.

ಸಂಜೆ ಅವಳು ಹಾಲು ಕಾಯಿಸಿದಳು. ಒಲೆ ಆರಿಸಿದಳು. ಬಾಗಿಲವರೆಗೆ ಹೋಗಿ, ಕತ್ತು ತಿರುಗಿಸಿ, ವಾಪಸ್ ಬಂದು ಒಲೆಯ ತಿರುಪನ್ನು ಮತ್ತೊಮ್ಮೆ ಮುಟ್ಟಿ ನೋಡಿದಳು. ಆಮೇಲೆ ತೋಳು ಮೇಲೇರಿಸಿಕೊಂಡು ಪಾತ್ರೆ ತೊಳೆಯಲು ನಿಂತಳು.