ಪಾಡ್ಯದ ಚಾವಿ

ದೀಪಾವಳಿ ಪಾಡ್ಯದ ಪೂಜೆಗೆ ಈ ಸಲ ಬಸಲಿಂಗಪ್ಪನವರು ಬರಲಿಲ್ಲ. ಅವರ ಬದಲು ಸೋಮಲಿಂಗ ಬಂದ. ಅಂಗಡಿ, ಗೋಡೌನು ಬಾಡಿಗೆಗೆ ಹಿಡಿಸುವ, ಇದ್ದವರನ್ನು ಬಿಡಿಸುವ ಏಜೆಂಟ. ಅವನ ಮುಖ ಕಂಡ ಕೂಡಲೇ ನನ್ನ ಮೈ ಉರಿಯಿತು.

ರವಿವಾರ ಪೇಟೆಯ ಈ ಅಂಗಡಿ ಬಸಲಿಂಗಪ್ಪನವರದು. ಬಾಡಿಗೆ ಹಿಡಿದು ಬೆಲ್ಲ ಮಾರುವವರು ನಾವು. ಕಾಗದ ಪತ್ರ ಏನೂ ಇಲ್ಲ, ನನ್ನ ಮಾವನ ಕಾಲದಿಂದ ಬಂದ ಒಂದು ಪದ್ಧತಿ ಅಷ್ಟೇ. ಪಾಡ್ಯದ ದಿನ ಚಾವಿಯನ್ನು ಮಾಲಕರ ಕೈಗೆ ಕೊಡಬೇಕು. ಅವರು ಅದನ್ನು ಪೂಜೆಗಿಟ್ಟು ತಿರುಗಿ ಕೊಟ್ಟರೆ ಇನ್ನೊಂದು ವರ್ಷ ಅಂಗಡಿ ನಮ್ಮದು. ಗಂಡ ತೀರಿಕೊಂಡ ಮೇಲೆ ಮಗಳನ್ನು ಓದಿಸಿದ್ದು, ಒಲೆ ಹೊತ್ತಿಸಿದ್ದು ಎಲ್ಲ ಇದೇ ಅಂಗಡಿಯಿಂದ.

"ಸಾವಕಾರರಿಗೆ ಈಗ ಅಡ್ಡಾಡಾಕ ಆಗೂದಿಲ್ರಿ ಅಕ್ಕಾರ. ಬಾಡಿಗಿ ಹಿಡಸೂದು, ಬಿಡಸೂದು, ಎಲ್ಲಾ ನಮ್ಮ ಆಫೀಸಿಗೆ ವಹಿಸ್ಯಾರ. ಚಾವಿ ಕೊಡ್ರಿ," ಎಂದ.

ಹಬ್ಬದ ದಿನ, ಎದುರಿಗೆ ದೀಪ ಉರಿಯುತ್ತಿದೆ. ಹುಚ್ಚಿ ನಾನು, ಕೊಟ್ಟೆ. ಅವನು ಪೂಜೆಗಿಡಲಿಲ್ಲ. ಕೊಡುವಾಗಿನ ಫೋಟೊ ಹೊಡೆದುಕೊಂಡು ಚಾವಿಯನ್ನು ಸೀದಾ ಕಿಸೆಗೆ ಇಳಿಸಿದ.

"ಖುಷಿಲೆ ಅಂಗಡಿ ಬಿಟ್ಟ ಕೊಟ್ರಿ, ಛಲೋ ಆತು. ಮೊಬೈಲ್ ಶೋರೂಮಿನವರು ಕಾಯಾಕತ್ತಾರ."

"ಯಾರೋ ಬಿಟ್ಟಕೊಟ್ಟವರು? ದೇವರ ಮುಂದ ನಿಂತು ಮೋಸ ಮಾಡತಿಯಲ್ಲೋ, ಭಾಡ್ಯಾ!"

"ಬಾಯಿ ಸಂಭಾಳಿಸಿ ಮಾತಾಡ್ರಿ. ಖಾನಾಪುರದಾಗ ಗೋಡೌನ್ ಕೊಡಸ್ತೇನಿ, ಅದೂ ನಮ್ಮ ಸರ್ವಿಸಿನಾಗ ಬರ್ತದ."

"ನಿನ್ನ ಸರ್ವಿಸಿಗೆ ಬೆಂಕಿ ಹತ್ತಲಿ! ನನ್ನ ಗಿರಾಕಿ ಅಲ್ಲಿಗೆ ಬರ್ತಾರೇನು?"

ಮಹಾಂತೇಶ ನಗರದ ಮಾಲಕರ ಮನೆಗೆ ಫೋನ್ ಹಚ್ಚಿದೆ. ಬಸಲಿಂಗಪ್ಪನವರ ದನಿ ಸಣ್ಣಗಾಗಿತ್ತು. "ನನ್ನ ಏನೂ ಕೇಳಬ್ಯಾಡ ದಾನೇಶ್ವರಿ. ಅನಿಕೇತ ಏಜೆಂಟನ ಕಾಗದಕ್ಕ ಸಹಿ ಮಾಡ್ಯಾನ," ಎಂದರು. ಅನಿಕೇತ ಅವರ ಮಗ. ನಾನು ಮತ್ತೇನೋ ಕೇಳುವಷ್ಟರಲ್ಲಿ ಫೋನ್ ಇಟ್ಟೇಬಿಟ್ಟರು. ಅಳು ಬಂತು. ಈ ಖೋಡಿಯ ಎದುರು ಅಳಬಾರದೆಂದು ನುಂಗಿಕೊಂಡೆ.

"ಸಾಕ ನಡೀರಿ, ಹೊರಗ ಬರ್ರಿ," ಎಂದು ಸೋಮಲಿಂಗ ಶಟರಿಗೆ ಕೈ ಹಾಕಿದ.

ನಾನು ಬಂದು ಶಟರಿನ ಕೆಳಗೇ, ಹೊಸ್ತಿಲ ಮೇಲೆ ಕುಳಿತೆ. ಎಳೆದರೆ ನನ್ನ ತಲೆಯ ಮೇಲೇ ಎಳೆಯಬೇಕು. ಅಕ್ಕಪಕ್ಕದ ಅಂಗಡಿಯವರು ಹೊರಗೆ ಬಂದು ನಿಂತರು. ಅವನು ಕೈ ತೆಗೆದ.

ಮಗಳಿಗೆ ಫೋನ್ ಮಾಡಿದೆ. "ತ್ರಿವೇಣಿ, ಹಾಸಿಗಿ ತಗೊಂಡು ಬಾ. ಬುತ್ತಿನೂ ಕಟ್ಟು."

"ಹಿಂಗ ಎಷ್ಟ ದಿನ ಕುಂದರಾವ್ರು?" ಸೋಮಲಿಂಗ ಹಲ್ಲು ಕಡಿದ.

"ಚಾವಿ ನೀನ ಇಟ್ಕೋ," ಎಂದೆ. "ನಾ ಇನ್ನ ಬಾಗಿಲಾನ ಹಾಕೂದಿಲ್ಲ."