ಮಷೀನು ಒಗೆಯದ ಎಂಟು ದಿನ

ಶಿರಸ್ತೇದಾರ್ ನಾಗಲಿಂಗಯ್ಯನವರು ಪಿಂಚಣಿ ಪಡೆದು ಮಧುಗಿರಿಗೆ ಬಂದು ಕೂತ ಮೇಲೆ ಊರಿನವರಿಗೆ ನಗುವುದಕ್ಕೆ ಬೇರೆ ನಾಟಕ ಬೇಕಾಗಿರಲಿಲ್ಲ. ಯುದ್ಧ ಮುಗಿದ ವರ್ಷ ಬೆಂಗಳೂರಿನ ದಂಡಿನಲ್ಲಿ ಯಾವನೋ ದೊರೆ ಗಂಟುಮೂಟೆ ಕಟ್ಟಿ ತನ್ನ ಸೀಮೆಗೆ ಹೊರಟ. ಅವನ ಸಾಮಾನಿನ ಹರಾಜಿನಲ್ಲಿ ಇವರೊಂದು ಬಟ್ಟೆ ಒಗೆಯುವ ಮಷೀನು ಹಿಡಿದುಕೊಂಡು ಬಂದರು. ನಾಲ್ಕು ಕಾಲು, ಬಿಳಿ ಹೊಟ್ಟೆ, ಹೊಟ್ಟೆಯ ಪಕ್ಕದಲ್ಲಿ ತಿರುಗಿಸುವ ಕರಿ ಗುಬುಟು. ಊರಿಗೆ ಕರೆಂಟು ಬಂದು ಆಗಿನ್ನೂ ಎರಡು ವರ್ಷ. ದೀಪ ಉರಿಯುತ್ತಿದ್ದುದೇ ನಾಲ್ಕಾರು ಮನೆಯಲ್ಲಿ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ, ಇವರು ಅದರ ಜೊತೆಗೆ ಮಷೀನನ್ನೂ ಹಿಡಿದರು.

ಅದನ್ನು ಲಾರಿಯಿಂದ ಇಳಿಸಿ ಹಿತ್ತಲ ಕೋಣೆಗೆ ಹೊತ್ತವರಲ್ಲಿ ಮಡಿವಾಳರ ಚಿಕ್ಕಹನುಮಯ್ಯನೂ ಒಬ್ಬ. ಅವನ ಅಪ್ಪ, ಅಜ್ಜ ಎಲ್ಲ ಅದೇ ಮನೆಯ ಬಟ್ಟೆ ಒಗೆದವರು. ಸುಗ್ಗಿಯಲ್ಲಿ ಆ ಮನೆಯಿಂದ ಬರುವ ಎರಡು ಪಲ್ಲ ರಾಗಿಯಲ್ಲೇ ಅವನ ಹೆಂಡತಿ ಮಕ್ಕಳು ವರ್ಷದಲ್ಲಿ ನಾಲ್ಕು ತಿಂಗಳು ಮುದ್ದೆ ಕಾಣುತ್ತಿದ್ದುದು. ಅವನು ಇನ್ನೂ ಹೆಗಲ ಭಾರ ಇಳಿಸಿರಲಿಲ್ಲ, ಶಿರಸ್ತೇದಾರರು ಹೇಳಿಯೇಬಿಟ್ಟರು.

"ಲೇ ಚಿಕ್ಕಹನುಮ, ಇದು ಕೆಲ್ಸಕ್ಕೆ ನಿಂತ ದಿನದಿಂದ ನಿನ್ನ ಕತ್ತೆಗೆ ರಜಾ ಕಣ್ಲಾ. ಬೇರೆ ಮನೆ ನೋಡ್ಕೊ. ಅಲ್ಲೀಗಂಟ ದಿನಾ ಬಂದು ನೀರು ಗೀರು ತುಂಬು."

ಎಂಥ ಮನುಷ್ಯ! ಯಾರ ಅನ್ನ ಕೀಳುತ್ತಾರೋ ಅವನ ಹೆಗಲ ಮೇಲೇ ಅದನ್ನು ಹೊರಿಸಿದ್ದರು. ಚಿಕ್ಕಹನುಮಯ್ಯ "ಆಗ್ಲಿ ಬುದ್ದಿ" ಎಂದ. ಮನಸ್ಸಿನಲ್ಲಿ ಅಂದದ್ದು ಬೇರೆ. ಈ ಮನೆಯವರ ಮೇಲೆ ಅವನಿಗೆ ಗೌರವ ಎಂದೋ ಹೋಗಿತ್ತು. ಮೈಮೇಲಿನ ಬಟ್ಟೆ ಒಗೆಯುವವನಿಗೆ ಒಳಗಿನ ಮನುಷ್ಯ ಗೊತ್ತಿರುತ್ತಾನೆ. ಶಿರಸ್ತೇದಾರರ ಜರಿ ಪೇಟದ ಅಡಿಯಲ್ಲಿ ಎಷ್ಟು ಜಿಡ್ಡಿರುತ್ತದೆಂದು ಅವನನ್ನು ಕೇಳಬೇಕು.

ಆ ದಿನ ಶುಕ್ರವಾರ. ಬರಿಯ ಮಷೀನನ್ನು ಒಂದು ಸಲ ತಿರುಗಿಸಿ ನೋಡಿದರು. ಗುರ್ ಎಂದು ತಿರುಗಿತು. ಬೀದಿಯೆಲ್ಲ ಬಾಯಿ ಬಿಟ್ಟುಕೊಂಡು ನೋಡಿತು. ಆಮೇಲೆ ಪೂಜೆ. ಮಷೀನಿಗೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಕೊರಳಿಗೆಂದು ಚೆಂಡು ಹೂವಿನ ಹಾರ. ತೆಂಗಿನಕಾಯಿಯನ್ನು ಎಲ್ಲರೂ ಕಲ್ಲಿಗೆ ಒಡೆಯುತ್ತಾರೆ. ಶಿರಸ್ತೇದಾರರು ಎಲ್ಲರಂತಲ್ಲವಲ್ಲ, ಯಂತ್ರಕ್ಕೆ ಅಭಿಷೇಕ ಆಗಲೆಂದು ಅದರ ಕಬ್ಬಿಣದ ಅಂಚಿಗೇ ಕಾಯಿ ಬಡಿದರು. ನೀರು ಬಿಳಿ ಹೊಟ್ಟೆಯ ಮೇಲೆ ಹರಿದು, ಕುಂಕುಮ ಕದಡಿಕೊಂಡು, ಗುಬುಟಿನ ಸಂದಿಯೊಳಗೆ ನೆಟ್ಟಗೆ ಇಳಿಯಿತು. ಬಾಗಿಲಲ್ಲಿ ನಿಂತಿದ್ದ ಚಿಕ್ಕಹನುಮಯ್ಯ ಅದನ್ನು ಕಂಡ, ಗಡಿಗೆ ಎತ್ತಿಕೊಂಡು ನೀರಿಗೆ ಹೋದ.

ಸೋಮವಾರ ಒಳ್ಳೆಯ ದಿನವೆಂದು ಬಟ್ಟೆ ಹಾಕಿದರು. ಶಿರಸ್ತೇದಾರರು ಗುಬುಟು ತಿರುಗಿಸಿದರು. ಗುರ್ ಅನ್ನಲಿಲ್ಲ, ಗೊರ್ ಅನ್ನಲಿಲ್ಲ. ಮತ್ತೆ ತಿರುಗಿಸಿದರು. ಎಮ್ಮೆಗೆ ಬಡಿದ ಹಾಗೆ ಎರಡು ಬಡಿದರು. ಊಹೂಂ. ಕರೆಂಟೇ ಇಲ್ಲವೇನೋ ಎಂದು ಅದೇ ಜಾಗಕ್ಕೆ ದೀಪ ಸಿಕ್ಕಿಸಿ ನೋಡಿದರೆ ದೀಪ ಝಗ್ಗೆಂದು ಹತ್ತಿತು.

"ಶುಕ್ರವಾರದ ಪೂಜೇಲಿ ಏನೋ ಲೋಪ ಆಗೈತೆ," ಎಂದರು ಅವರ ಹೆಂಡತಿ ಕಮಲಾಕ್ಷಮ್ಮ. ಸರಿ, ಇನ್ನೊಂದು ಕಾಯಿ ಅದೇ ಅಂಚಿಗೆ.

ಮಂಗಳವಾರ ಸ್ಕೂಲು ಮೇಷ್ಟ್ರು ಪರ್ವತಯ್ಯ ಬಂದರು. ಮಷೀನಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ಮೂಗಿಗೆ ಹಿಡಿದು ಓದಿ, "ಮುಚ್ಚಳ ಭದ್ರವಾಗಿ ಮುಚ್ಚಿದ್ದರೆ ಮಾತ್ರ ಓಡುತ್ತೆ ಅಂತಿದೆ ಸಾರ್" ಎಂದರು. ಮುಚ್ಚಿದರು, ಅದುಮಿದರು, ಕೊನೆಗೆ ಮೇಷ್ಟ್ರನ್ನೇ ಮೇಲೆ ಕೂರಿಸಿದರು. ಮೇಷ್ಟ್ರು ಕೂತರು, ಮಷೀನು ಏಳಲಿಲ್ಲ. ಬುಧವಾರ ಕರೆಂಟಿನವನು ಬಂದು ಫ್ಯೂಸ್ ತಂತಿ ಬದಲಾಯಿಸಿ, ಕಾಫಿ ಕುಡಿದು ಹೋದ. ದಿನ ಬೆಳಗಾದರೆ ಮುಟ್ಟುವ ಮೊದಲು ವಿಭೂತಿ, ಹೂವು, ಕಾಯಿ. ಕಾಯಿ ನೀರು ಅದೇ ಸಂದಿಯೊಳಗೆ. ಶುಕ್ರವಾರದ ಹೊತ್ತಿಗೆ ಗುಬುಟಿನ ಸುತ್ತ ಕೆಂಪಿರುವೆ ಸಾಲು ಕಟ್ಟಿತ್ತು. "ಲಕ್ಷಣವಾಗಿ ಇರುವೆ ಬಂದವೆ, ಶುಭ" ಎಂದರು ಕಮಲಾಕ್ಷಮ್ಮ.

ಚಿಕ್ಕಹನುಮಯ್ಯ ಗಡಿಗೆ ಇಳಿಸಿ ಆ ಕಡೆ ತಿರುಗಿ ನಕ್ಕ. ಕಾಯಿ ನೀರು ಬಟ್ಟೆಗೆ ಬಿದ್ದರೆ ಏನಾಗುತ್ತದೆಂದು ಅವನಿಗಿಂತ ಯಾರಿಗೆ ಗೊತ್ತು? ಒಣಗಿ ಅಂಟಾಗಿ ಕೂರುತ್ತದೆ. ಗುಬುಟಿನೊಳಗೂ ಅದೇ ಕೂತಿದೆ. ಇವರಿಗೆ ಅದು ಹೊಳೆಯದಿರುವಷ್ಟು ದಿನ ತನ್ನ ರಾಗಿಗೆ ಮೋಸವಿಲ್ಲ. ಸಂಜೆ ಮನೆಗೆ ಹೋಗಿ ಹೆಂಡತಿ ಗಿರಿಯಮ್ಮನಿಗೆ ಎಲ್ಲವನ್ನೂ ಹೇಳಿ ನಗಿಸುತ್ತಿದ್ದ. ಗಿರಿಯಮ್ಮ ನಗುತ್ತಲೇ ಒಂದು ಮಾತು ಹೇಳುತ್ತಿದ್ದಳು, "ನಗೋದೆಲ್ಲ ಇಲ್ಲೇ ನಗು. ಅಲ್ಲಿ ಮಾತ್ರ ಬಾಯಿ ಬುಡಬ್ಯಾಡ."

ಎಂಟನೆಯ ದಿನ ಶಿರಾದಿಂದ ಬುಡನ್ ಸಾಬ್ ಬಂದ. ಹೊಲಿಗೆ ಮಷೀನು, ಪೆಟ್ರೋಮ್ಯಾಕ್ಸು ರಿಪೇರಿಯಲ್ಲಿ ಅವನದು ಎತ್ತಿದ ಕೈ. ಮಷೀನನ್ನು ಮಲಗಿಸಿ ಅಡಿಯಿಂದ ಇಣುಕಿದ, ಮೂಸಿದ, ತಲೆ ಕೆರೆದುಕೊಂಡ.

"ಹುಜೂರ್, ಇಂಥಾದ್ದು ನಾನು ಬಿಚ್ಚಿದ್ದಿಲ್ಲ. ಮೋಟಾರೇ ಸುಟ್ಟೋಗಿರ್ಬೇಕು. ಮದ್ರಾಸಿಗೆ ಕಳಿಸಿ. ವಾಪಸ್ ಬರೋಕೆ ಆರು ತಿಂಗ್ಳಾದ್ರೂ ಬೇಕು."

"ಕಳ್ಸಿ ಅತ್ಲಾಗೆ," ಎಂದರು ಕಮಲಾಕ್ಷಮ್ಮ. ಎಂಟು ದಿನದ ಮೈಲಿಗೆ ಬಟ್ಟೆಯನ್ನು ದೊಡ್ಡ ಗಂಟು ಕಟ್ಟಿ ಬಾಗಿಲಿಗೆ ತಂದಿಟ್ಟರು. "ತಗೊಂಡೋಗಪ್ಪ ಚಿಕ್ಕಹನುಮ. ಮೊದ್ಲಿನಂಗೇ ನಡ್ಕೊಂಡು ಹೋಗ್ಲಿ."

ಅಲ್ಲಿಗೆ ಗೆದ್ದಿದ್ದ. ಗಂಟು ಎತ್ತಿ ಕತ್ತೆಯ ಮೇಲೆ ಹಾಕಿದ್ದರೆ ಕತೆ ಮುಗಿದಿತ್ತು. ಗಂಟಿಗೆ ಕೈ ಹಾಕಿಯೂ ಇದ್ದ. ಆಗ ಶಿರಸ್ತೇದಾರರು ಬುಡನ್ ಸಾಬನ ಕಡೆ ತಿರುಗಿ ಹಲ್ಲು ಕಿರಿದರು.

"ಏನ್ ಮಾಡೋದು ಸಾಬ್ರೆ, ಮತ್ತೆ ಇವ್ನ ಕೈಗೇ ಬಿದ್ವಿ. ಇವ್ನಿಗೆ ಬಟ್ಟೆ ಬಡಿಯೋದು ಬಿಟ್ರೆ ಏನು ಗೊತ್ತು? ಕತ್ತೆ ಜೊತೆ ಇದ್ದೂ ಇದ್ದೂ ಕತ್ತೆ ಬುದ್ಧೀನೇ."

ಎಂಟು ದಿನ ಅದುಮಿಟ್ಟ ನಗು ಒಂದೇ ಸಲ ಸಿಟ್ಟಾಗಿ ಬಂತು. ಕತ್ತೆಯಂತೆ! ಯಾರು, ತಾನೇ? ಚಿಕ್ಕಹನುಮಯ್ಯ ಗಂಟು ಬಿಟ್ಟು ನೆಟ್ಟಗೆ ನಿಂತ.

"ಬುದ್ದಿ, ದಿನಾ ಕಾಯಿ ಒಡ್ದು ಒಡ್ದು ನೀರು ಹುಯ್ತಾ ಇದ್ದೀರಲ್ಲ, ಅದು ಎಲ್ಲಿಗೆ ಹೋಗ್ತೈತೆ ಅಂತ ಒಂದಿನ ಬಗ್ಗಿ ನೋಡಿದ್ರಾ? ಅದ್ಕೂ ಇಂಗ್ಲೀಸು ಓದ್ಬೇಕಾ? ಇರುವೆಗೆ ಗೊತ್ತಾತು, ನಿಮ್ಗೆ ಗೊತ್ತಾಗ್ಲಿಲ್ಲ! ಸಾಬ್ರೆ, ಕರೆಂಟು ಕೀಳಿ. ಆ ಗುಬುಟು ಬಿಚ್ಚಿ."

ಬುಡನ್ ಸಾಬ್ ಬಿಚ್ಚಿದ. ಒಳಗೆ ಕುಂಕುಮದ ಕೆಂಪು ಅಂಟು, ಅದರಲ್ಲಿ ಸತ್ತ ಇರುವೆ. ಚಿಕ್ಕಹನುಮಯ್ಯ ಉಗುರಿನಿಂದ ಕೆರೆದ, ಸೀಮೆಎಣ್ಣೆಯ ಬಟ್ಟೆಯಿಂದ ಒಳಗಿನ ಹಿತ್ತಾಳೆ ಪಟ್ಟಿ ಫಳಫಳ ಅನ್ನುವ ತನಕ ಒರೆಸಿದ. ಬಿಸಿಲಿಗೆ ಹಿಡಿದು ಚೆನ್ನಾಗಿ ಒಣಗಿಸಿದ. ಮತ್ತೆ ಕೂರಿಸಿ, ಶಿರಸ್ತೇದಾರರ ಮುಖವನ್ನೇ ನೋಡುತ್ತಾ ತಾನೇ ಗುಬುಟು ತಿರುಗಿಸಿದ.

ಗುರ್ರ್!

ಆಹಾ, ಆ ಮುಖ! ಎಷ್ಟು ರಾಗಿ ಕೊಟ್ಟರೂ ಅಂಥ ಮುಖ ನೋಡಲು ಸಿಗುತ್ತಿರಲಿಲ್ಲ. ಚಿಕ್ಕಹನುಮಯ್ಯನ ಎದೆ ಉಬ್ಬಿತು. ಬೀದಿಯ ಜನ ಬಾಗಿಲಿಗೆ ಬಂದರು. ಶಿರಸ್ತೇದಾರರು ಪೇಟ ಸರಿಮಾಡಿಕೊಂಡು, "ನೋಡಿ, ಸಾಬ್ರ ಕೈಗುಣ!" ಎಂದರು. "ನಾನಲ್ಲ ಹುಜೂರ್, ಇವ್ರು," ಎಂದು ಬುಡನ್ ಸಾಬ್ ಬೆರಳು ತೋರಿಸಿದ. ಮಷೀನಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಕಮಲಾಕ್ಷಮ್ಮ ಬಾಗಿಲಿನ ಗಂಟನ್ನು ಎಳೆದುಕೊಂಡು ಬಂದು, ಬಿಚ್ಚಿ, ಬಟ್ಟೆಯನ್ನೆಲ್ಲ ಮಷೀನಿನ ಹೊಟ್ಟೆಗೆ ತುರುಕಿದರು.

"ನೀನಿನ್ನ ಹೊರಡು," ಎಂದರು ಶಿರಸ್ತೇದಾರರು. "ನಾಳೆಯಿಂದ ಬರಬ್ಯಾಡ. ಎದುರುತ್ತರ ಕೊಡೋರು ನಮ್ಗೆ ಬೇಕಿಲ್ಲ."

ಬರಿಗತ್ತೆಯನ್ನು ಹೊಡೆದುಕೊಂಡು ಚಿಕ್ಕಹನುಮಯ್ಯ ಕೆರೆಯ ದಂಡೆಗೆ ಬಂದ. ಮದ್ರಾಸಿನ ಸುದ್ದಿ ಊರೆಲ್ಲ ಹರಡಿ ಗಿರಿಯಮ್ಮನ ಕಿವಿಗೂ ಬಿದ್ದಿತ್ತು. ದೊಡ್ಡ ಮನೆಯ ಬಟ್ಟೆ ಬರುತ್ತದೆಂದು ಅವಳು ಕೊಳೆ ಬಿಡಿಸುವ ಚೌಳುಮಣ್ಣು ಕಲಸಿ, ಬಾನಿ ತುಂಬ ನೀರಿಟ್ಟು, ಒಲೆ ಹೊತ್ತಿಸಿ ಕಾಯುತ್ತಿದ್ದಳು. ಅವನು ದೂರದಿಂದಲೇ ಶುರುಮಾಡಿದ. ಶಿರಸ್ತೇದಾರರು ಬಾಯಿ ಬಿಟ್ಟದ್ದು, ತಾನಂದ ಇಂಗ್ಲಿಷಿನ ಮಾತು, ಇರುವೆಯ ಮಾತು, ಎಲ್ಲವನ್ನೂ ಕೈಬಾಯಿ ಆಡಿಸಿ ತೋರಿಸಿದ.

"ಎಲ್ಲರ ಎದುರಿಗೇ ಅಂದ್ಬುಟ್ಟೆ ಕಣಮ್ಮಿ! ಅವ್ರ ಮಕದಲ್ಲಿ ರಕ್ತ ಇರ್ಲಿಲ್ಲ!"

ಗಿರಿಯಮ್ಮ ಕತ್ತೆಯ ಬರಿ ಬೆನ್ನು ನೋಡಿದಳು.

"ಮಷೀನು ಓಡ್ತಾ?"

"ಓಡ್ದೆ ಏನು? ನಾನು ಕೈ ಹಾಕಿದ್ಮೇಲೆ!"

ಹೇಳಿ ಮುಗಿಸುವಷ್ಟರಲ್ಲಿ ಅವನ ಕಣ್ಣೂ ಕತ್ತೆಯ ಬೆನ್ನಿಗೆ ಬಿತ್ತು. ಗಿರಿಯಮ್ಮ ಬೈಯಲಿಲ್ಲ, ಅಳಲೂ ಇಲ್ಲ. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಉರಿಯುತ್ತಿದ್ದ ಕೊಳ್ಳಿಗಳನ್ನು ಒಂದೊಂದಾಗಿ ಹೊರಗೆಳೆದು ನೀರು ಹುಯ್ದಳು.

"ಸೌದೆನಾದ್ರೂ ಉಳೀಲಿ," ಎಂದಳು, ಅವನ ಕಡೆ ತಿರುಗಿಯೂ ನೋಡದೆ.